ಹರಿಗೋಲು ಮಗುಚಿದ್ದು

ನಮ್ಮ ಕೋಣನಕುಂಟೆಯ ಹೆಸರಿನಲ್ಲೇನೋ ಒಂದು ಕುಂಟೆ ಇದೆ. ಹಡಗು ತೇಲುವ ಸಮುದ್ರ ಮಾತ್ರ ಬಹು ದೂರ. ಆದರೂ ಚರಿತ್ರೆಯ ಪಾಠದಲ್ಲಿ ವಾಸ್ಕೋ ಡ ಗಾಮ ಬಂದಾಗ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: "ಮೊಳೆ ಮುಳುಗುತ್ತೆ, ಕಬ್ಬಿಣದ ಹಡಗು ಹೇಗೆ ತೇಲುತ್ತೆ ಮಿಸ್?" ಬಕೆಟ್ಟಿನಲ್ಲಿ ಸ್ಟೀಲ್ ಬಟ್ಟಲು ತೇಲಿಸಿ ತೋರಿಸುತ್ತೇನೆ. ತನ್ನ ತೂಕದಷ್ಟು ನೀರನ್ನು ಸರಿಸುವ ಆಕಾರವಿದ್ದರೆ ಕಬ್ಬಿಣವೂ ತೇಲುತ್ತದೆ.

ಮಗುಚದೆ ಹೇಗೆ ನಿಲ್ಲುತ್ತದೆಂದು ಯಾರೂ ಕೇಳುವುದಿಲ್ಲ. ನನ್ನನ್ನು ಕಾಡಿದ್ದು ಅದೇ ಪ್ರಶ್ನೆ. ನಾನು ಹುಟ್ಟುವ ಮೊದಲೇ ನನ್ನ ಚಿಕ್ಕಮ್ಮ ಜಾತ್ರೆಗೆ ಹೊಳೆ ದಾಟುವಾಗ, ಜನ ಕಿಕ್ಕಿರಿದಿದ್ದ ಹರಿಗೋಲು ಮಗುಚಿ ತೀರಿಕೊಂಡರು. "ಅವಳು ಎದ್ದು ನಿಂತಳು, ಅದಕ್ಕೇ ಮಗುಚಿತು" ಎಂದಿತು ಊರು. ಅಮ್ಮ ತಲೆತಗ್ಗಿಸಿ ಕೇಳಿಸಿಕೊಂಡಳು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹರಿಗೋಲನ್ನು ಕಂಡು ಬರೆದಿದ್ದಾನೆ: ಬುಟ್ಟಿಯಂತೆ ದುಂಡು, ಹೊರಗೆ ಚರ್ಮ, 15–20 ಜನರನ್ನು ಹೊರುತ್ತದೆ, ನೇರ ಹೋಗದೆ ಸುತ್ತುತ್ತದೆ. ದುಂಡಗಿರುವುದಕ್ಕೇ ಆ ಸುತ್ತು. ಆದರೆ ತಳ ಅಗಲ. ಒಂದು ಪಕ್ಕ ತಗ್ಗಿದರೆ ಅಲ್ಲಿ ನೀರು ಹೆಚ್ಚು ಬಲದಿಂದ ಮೇಲೆತ್ತುತ್ತದೆ. ಮಿತಿ ಮೀರಿ ಜನ ತುಂಬಿದರೆ ಮಾತ್ರ ಅಂಚು ನೀರಿನ ಮಟ್ಟಕ್ಕಿಳಿದು, ಸ್ವಲ್ಪ ವಾಲಿದರೂ ನೀರು ಒಳನುಗ್ಗುತ್ತದೆ.

ರಾಜರ ಹಡಗಿಗೂ ಇದೇ ಗತಿ. ಸ್ವೀಡನ್ನಿನ 'ವಾಸಾ' 64 ಫಿರಂಗಿ ಹೊತ್ತು 1628ರ ಆಗಸ್ಟ್ 10ರಂದು ಮೊದಲ ಯಾನ ಹೊರಟಿತು. ಮೇಲುಭಾಗ ಭಾರ, ತಳ ಹಗುರ. ಅದಕ್ಕೆ ಮೊದಲೇ, 30 ನಾವಿಕರನ್ನು ಅಕ್ಕಪಕ್ಕ ಓಡಿಸಿ ನೋಡಿದಾಗ ಹಡಗು ವಿಪರೀತ ಓಲಾಡಿತ್ತು. ಪರೀಕ್ಷೆ ನಿಲ್ಲಿಸಿದರು, ಯಾನ ನಿಲ್ಲಿಸಲಿಲ್ಲ. ದೊರೆಗೆ ಅವಸರ. ಒಂದೂವರೆ ಕಿಲೋಮೀಟರ್ ಕೂಡ ಸಾಗಿರಲಿಲ್ಲ, ಬೀಸಿದ ಗಾಳಿಗೆ ವಾಲಿ, ಫಿರಂಗಿಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಹಡಗು ಎಷ್ಟು ಸ್ಥಿರವೆಂದು ಕಟ್ಟುವ ಮೊದಲೇ ಲೆಕ್ಕ ಹಾಕುವ ದಾರಿಯನ್ನು ಫ್ರಾನ್ಸಿನ ಪಿಯರ್ ಬುಗೇ ಪ್ರಕಟಿಸಿದ್ದು 1746ರಲ್ಲಿ.

ವಾಸಾ ಮುಳುಗಿದ್ದು ಗಾಳಿಯ ತಪ್ಪೇ? ಗಾಳಿ ಬೀಸದ ಸಮುದ್ರವಿಲ್ಲ. ಹೆಂಗಸೊಬ್ಬಳು ಎದ್ದರೆ ಮಗುಚುವಷ್ಟು ಜನರನ್ನು ತುಂಬಿದವರದು ತಪ್ಪಲ್ಲವೇ?

ಇದನ್ನೆಲ್ಲ ಮುದುಕಿಯಾದ ಅಮ್ಮನಿಗೆ ಬಟ್ಟಲು ತೇಲಿಸಿಯೇ ಹೇಳಿದೆ. ಬಹಳ ಹೊತ್ತು ನೀರನ್ನೇ ನೋಡುತ್ತಿದ್ದವಳು ಅಂದಳು: "ಅವಳು ಎದ್ದದ್ದು, ಪಕ್ಕದವಳ ಮಗು ಜಾರುತ್ತಿತ್ತು ಅಂತ ಕಣೇ. ಯಾರೂ ಕೇಳಲೇ ಇಲ್ಲ."