ಅಂಕಣದ ಅಂಚಿನಲ್ಲಿ ನಿಂತವರು

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕಾಲಿನಿಂದ ಚೆಂಡನ್ನು ಒದೆಯುವ ಆಟ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಹಿಡಿದು ಓಡುತ್ತಾರೆ, ಕೈಯಿಂದ ಎಸೆಯುತ್ತಾರೆ. ಎದುರಾಳಿಗಳು ಮೈಮೇಲೆ ಬಿದ್ದು ಕೆಡಹುತ್ತಾರೆ. ದಾಳಿ ಮಾಡುವ ಪಕ್ಷದ ಹನ್ನೊಂದು ಜನರಲ್ಲಿ ಚೆಂಡು ಸಾಮಾನ್ಯವಾಗಿ ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್ ಎಂಬಾತನ ಕೈಗೆ. ಎಸೆಯಬೇಕೆ, ಇನ್ನೊಬ್ಬನ ಕೈಗಿಡಬೇಕೆ, ತಾನೇ ಹಿಡಿದು ಓಡಬೇಕೆ ಎಂಬುದನ್ನು ಅವನು ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ದಂಡನಾಯಕನೆಂದರೂ ಸಲ್ಲುತ್ತದೆ. ಆ ಸ್ಥಾನಕ್ಕೆ ಬುದ್ಧಿ ಬೇಕು, ಕಪ್ಪು ಜನರಿಗೆ ಅದು ಒಗ್ಗದು ಎಂಬ ನಂಬಿಕೆ 1960ರ ದಶಕದ ಅಮೆರಿಕದಲ್ಲಿ ಆಳವಾಗಿ ಬೇರುಬಿಟ್ಟಿತ್ತು. ಜಿಮ್ಮಿ ರೇ ಎಂಬವರ ಕಥೆಯನ್ನು ಇಂದು ನಾನು ಹೇಳಹೊರಟಿರುವುದು ಆ ನಂಬಿಕೆಯ ಚರಿತ್ರೆಗಾಗಿ; ಆಟದ ಸೂಕ್ಷ್ಮಗಳನ್ನು ಬಲ್ಲೆನೆಂಬ ಹಮ್ಮಿನಿಂದಲ್ಲ.

ರೇ ಹುಟ್ಟಿದ್ದು 1946ರಲ್ಲಿ, ದಕ್ಷಿಣದ ನಾರ್ತ್ ಕೆರೊಲಿನ ರಾಜ್ಯದ ಫೇಯೆಟ್‌ವಿಲ್ ಪಟ್ಟಣದಲ್ಲಿ. ಓದಿದ್ದು ಕಪ್ಪು ಮಕ್ಕಳಿಗೆಂದೇ ಬೇರ್ಪಡಿಸಿದ್ದ ಶಾಲೆಯಲ್ಲಿ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡಗಳ ಬಾಗಿಲು ಅಂಥ ಹುಡುಗರಿಗೆ ಆಗ ಬಹುಮಟ್ಟಿಗೆ ಮುಚ್ಚಿತ್ತು. ಉತ್ತರದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಫಿ ಡಾಘರ್ಟಿ ಎಂಬ ತರಬೇತುದಾರರಿದ್ದರು. ದಕ್ಷಿಣವು ಬೇಡವೆಂದ ಹುಡುಗರನ್ನು ಅವರು ಕರೆಕರೆದು ಸೇರಿಸಿಕೊಂಡರು: ಟೆಕ್ಸಾಸಿನಿಂದ ಬುಬ್ಬಾ ಸ್ಮಿತ್ ಮತ್ತು ಜೀನ್ ವಾಷಿಂಗ್ಟನ್, ಸೌತ್ ಕೆರೊಲಿನದಿಂದ ಜಾರ್ಜ್ ವೆಬ್‌ಸ್ಟರ್, ಫೇಯೆಟ್‌ವಿಲ್‌ನಿಂದ ರೇ. ಇದರಲ್ಲಿ ಔದಾರ್ಯವೆಷ್ಟು, ಗೆಲ್ಲುವ ಹಂಬಲವೆಷ್ಟು ಎಂದು ಅಳೆಯುವುದು ಕಷ್ಟ, ಎರಡೂ ಇದ್ದಿರಬೇಕು.

1966ರ ನವೆಂಬರ್ 19ರಂದು ಈಸ್ಟ್ ಲ್ಯಾನ್ಸಿಂಗ್‌ನಲ್ಲಿ, ಎಂಬತ್ತು ಸಾವಿರ ಪ್ರೇಕ್ಷಕರ ಎದುರಿನಲ್ಲಿ, ಈ ತಂಡ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು ಎದುರಿಸಿತು. ಅಲ್ಲಿಯವರೆಗೆ ಎರಡೂ ತಂಡಗಳು ಆ ಋತುವಿನಲ್ಲಿ ಸೋತಿರಲಿಲ್ಲ. ನೋಟರ್ ಡೇಮ್ ತಂಡದಲ್ಲಿದ್ದ ಕಪ್ಪು ಆಟಗಾರ ಒಬ್ಬನೇ, ಅಲನ್ ಪೇಜ್. ಮಿಷಿಗನ್ ಸ್ಟೇಟ್‌ನಲ್ಲಿ ಇಪ್ಪತ್ತು ಮಂದಿ. ರೇ ಎಸೆದ ಉದ್ದನೆಯ ಚೆಂಡನ್ನು ವಾಷಿಂಗ್ಟನ್ ಹಿಡಿದರು. ಮೊದಲ ಅಂಕಗಳಿಗೆ ಅದು ದಾರಿಯಾಯಿತು. ಹತ್ತು ಸೊನ್ನೆಯ ಮುನ್ನಡೆ ಕಡೆಗೆ ಹತ್ತು ಹತ್ತರ ಸಮಕ್ಕೆ ಬಂದು ನಿಂತಿತು. ಕೊನೆಯ ನಿಮಿಷದಲ್ಲಿ ನೋಟರ್ ಡೇಮ್ ಸಾಹಸಕ್ಕೆ ಕೈಹಾಕದೆ ಹೊತ್ತು ಕಳೆದದ್ದನ್ನು ಅಮೆರಿಕದವರು ಎಷ್ಟೋ ವರ್ಷ ಚರ್ಚಿಸಿದರು. ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಗಳಲ್ಲೊಂದನ್ನು ಎರಡು ತಂಡಗಳೂ ಹಂಚಿಕೊಂಡವು. ದಕ್ಷಿಣದಲ್ಲಿ ಹುಟ್ಟಿದ ಕಪ್ಪು ಕ್ವಾರ್ಟರ್‌ಬ್ಯಾಕ್ ಒಬ್ಬ ಅಂಥ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಇಷ್ಟಾದರೂ 1968ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ ಎಂಬ ವೃತ್ತಿಪರ ತಂಡ ಆರಿಸಿಕೊಂಡಾಗ, ರೇ ಅವರಿಗೆ ಕ್ವಾರ್ಟರ್‌ಬ್ಯಾಕ್‌ನ ಕೆಲಸ ಸಿಗಲಿಲ್ಲ. ಎದುರಾಳಿಯ ಎಸೆತವನ್ನು ತಡೆಯುವ ರಕ್ಷಣೆಯ ಸಾಲಿಗೆ ಅವರನ್ನು ಸರಿಸಲಾಯಿತು. ಆಟಗಾರನ ಬಾಳು ಬೇಗ ಮುಗಿಯಿತು. 1970ರ ದಶಕದ ಮೊದಲಲ್ಲಿ ತಾವು ಓದಿದಲ್ಲಿಗೇ ಸಹಾಯಕ ತರಬೇತುದಾರರಾಗಿ ಮರಳಿದರು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮೂಲಕ ವೃತ್ತಿಪರ ಲೀಗಿಗೆ ಕಾಲಿಟ್ಟರು. ಮುಂದೆ ಮೂರು ದಶಕಕ್ಕೂ ಮಿಕ್ಕಿ ಡೆಟ್ರಾಯಿಟ್, ಅಟ್ಲಾಂಟ, ಟ್ಯಾಂಪಾ, ಕ್ಯಾನ್ಸಸ್ ಸಿಟಿ, ಓಕ್‌ಲ್ಯಾಂಡ್ ಎಂದು ಊರೂರು ಸುತ್ತಿದರು. 1983 ಮತ್ತು 84ರಲ್ಲಿ ರ‍್ಯಾಮ್ಸ್ ತಂಡದ ದಾಳಿಯ ತಂತ್ರವನ್ನು ಹೆಣೆಯುವ ಹೊಣೆ ಅವರದಾಗಿತ್ತು. ಎರಡನೆಯ ವರ್ಷ ಅದೇ ತಂಡದ ಎರಿಕ್ ಡಿಕರ್‌ಸನ್ ಒಂದೇ ಋತುವಿನಲ್ಲಿ 2,105 ಗಜ ಓಡಿ ನಿರ್ಮಿಸಿದ ದಾಖಲೆ ನಾಲ್ಕು ದಶಕ ಅಳಿಯದೆ ನಿಂತಿತು.

ಆದರೂ ಮುಖ್ಯ ತರಬೇತುದಾರನ ಪೀಠ ಅವರಿಗೆ ಒಮ್ಮೆಯೂ ದಕ್ಕಲಿಲ್ಲ. ಇದಕ್ಕೆ ಬಣ್ಣವೊಂದೇ ಕಾರಣವೆಂದು ಸಾರಿಬಿಡುವುದು ಚರಿತ್ರೆಗೆ ಶೋಭಿಸದು. ಅವರ ಕೈಕೆಳಗಿನ ದಾಳಿ ಎಲ್ಲ ಕಡೆಯೂ ಯಶಸ್ವಿಯಾಗಲಿಲ್ಲ. 2010ರಲ್ಲಿ ಮೊದಲ ಮೂರು ಪಂದ್ಯ ಸೋತೊಡನೆ ಸ್ಯಾನ್ ಫ್ರಾನ್ಸಿಸ್ಕೊ ಅವರನ್ನು ಕೈಬಿಟ್ಟಿತು. ಆದರೆ ಕಾಲಾನುಕ್ರಮವನ್ನು ಕೊಂಚ ಗಮನಿಸಬೇಕು. 1920ರ ದಶಕದಲ್ಲಿ ಫ್ರಿಟ್ಜ್ ಪೊಲ್ಲಾರ್ಡ್ ಎಂಬೊಬ್ಬರು ತಂಡವನ್ನು ನಡೆಸಿದ ಮೇಲೆ, ಆ ಲೀಗಿನಲ್ಲಿ ಇನ್ನೊಬ್ಬ ಕಪ್ಪು ಮುಖ್ಯ ತರಬೇತುದಾರ ನೇಮಕಗೊಂಡದ್ದು 1989ರಲ್ಲಿ, ಆರ್ಟ್ ಶೆಲ್. ಆ ಹುದ್ದೆ ತೆರವಾದಾಗ ಅಲ್ಪಸಂಖ್ಯಾತ ಅಭ್ಯರ್ಥಿಯೊಬ್ಬನನ್ನಾದರೂ ಸಂದರ್ಶಿಸಲೇಬೇಕೆಂಬ ‘ರೂನಿ ನಿಯಮ’ ಬಂದದ್ದು 2003ರಲ್ಲಿ. ರೇ ಅವರಿಗೆ ಆಗ ಐವತ್ತೇಳು ವರ್ಷ. ಸಂದರ್ಶನಕ್ಕೆ ಕರೆಯಿರಿ ಎಂದು ಹೇಳುವುದಕ್ಕೂ ಒಂದು ನಿಯಮ ಬೇಕಾಯಿತು ಎಂಬುದನ್ನು ಓದಿದಾಗ ನಾನು ಪುಸ್ತಕವನ್ನು ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅವರನ್ನು ನೋಡುತ್ತ ಬೆಳೆದ ಹುಡುಗರ ಮಾತು ಬೇರೆ. ನಾರ್ತ್ ಕೆರೊಲಿನದವರೇ ಆದ ಟೈರೋನ್ ವಿಲಿಂಗ್‌ಹ್ಯಾಮ್, ರೇ ತೋರಿದ ದಾರಿಯಲ್ಲೇ ಮಿಷಿಗನ್ ಸ್ಟೇಟ್‌ಗೆ ಹೋಗಿ ಕ್ವಾರ್ಟರ್‌ಬ್ಯಾಕ್ ಆದರು. 2002ರಲ್ಲಿ ಅವರು ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರರಾಗಿ ಸೇರಿದ್ದು ನೋಟರ್ ಡೇಮ್‌ನಲ್ಲಿ, ಅಂದು ಒಬ್ಬನೇ ಕಪ್ಪು ಆಟಗಾರನಿದ್ದ ಅದೇ ಸಂಸ್ಥೆಯಲ್ಲಿ. ಮಿಷಿಗನ್ ರಾಜ್ಯದ ಜ್ಯಾಕ್ಸನ್ ಪಟ್ಟಣದಲ್ಲಿ ರೇ ಅವರ ಆಟಕ್ಕೆ ಮನಸೋತ ಮತ್ತೊಬ್ಬ ಬಾಲಕ ಟೋನಿ ಡಂಜಿ. ಆತನೂ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್. ವೃತ್ತಿಪರ ತಂಡ ಆತನನ್ನೂ ರಕ್ಷಣೆಯ ಸಾಲಿಗೆ ಸರಿಸಿತು. 2007ರ ಫೆಬ್ರವರಿಯಲ್ಲಿ ಆತ ನಡೆಸಿದ ಇಂಡಿಯಾನಾಪೊಲಿಸ್ ತಂಡ ಸೂಪರ್ ಬೌಲ್ ಗೆದ್ದಿತು. ಕಪ್ಪು ಮುಖ್ಯ ತರಬೇತುದಾರನೊಬ್ಬನಿಗೆ ಆ ಗೆಲುವು ಮೊದಲನೆಯದು. ಆ ದಿನಗಳಲ್ಲಿ ಅರುವತ್ತು ವಯಸ್ಸಿನ ಜಿಮ್ಮಿ ರೇ ನ್ಯೂಯಾರ್ಕ್ ಜೆಟ್ಸ್ ತಂಡದಲ್ಲಿ, ಚೆಂಡು ಹಿಡಿದು ಓಡುವವರನ್ನು ಪಳಗಿಸುವ ಸಹಾಯಕ ತರಬೇತುದಾರರಾಗಿದ್ದರು.