ಧ್ರುವಪ್ರಭೆಯ ಕಾಣದ ಬೆಳಕು: ಅದನ್ನು ಅಳೆಯಲು ದುಡ್ಡು ಕೊಟ್ಟವರು ಯಾರು?

2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯ ಆಕಾಶ ಕೆಂಪಾದ ಫೋಟೊಗಳು ನಿಮ್ಮ ಫೋನಿಗೂ ಬಂದಿರಬಹುದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯ ಇರುವುದು ಅಲ್ಲೇ. ಆದರೆ ಧ್ರುವಪ್ರಭೆಯಲ್ಲಿ ಯಾವ ಫೋನಿಗೂ ಸಿಗದ ಬೆಳಕೂ ಇದೆ: ಅವಕೆಂಪು, ಅಂದರೆ ಇನ್‌ಫ್ರಾರೆಡ್.

ಇದು ಹುಟ್ಟೋದು ಹೇಗೆ?

ಮೇಲಿನಿಂದ ನುಗ್ಗುವ ಎಲೆಕ್ಟ್ರಾನುಗಳು ಸುಮಾರು 100 ಕಿ.ಮೀ. ಎತ್ತರದಲ್ಲಿ ಗಾಳಿಯ ಅಣುಗಳಿಗೆ ಗುದ್ದುತ್ತವೆ. ಕಂಪಿಸತೊಡಗಿದ ನೈಟ್ರೋಜನ್ ತನ್ನ ಶಕ್ತಿಯನ್ನು ಕಾರ್ಬನ್ ಡೈಆಕ್ಸೈಡ್‌ಗೆ ದಾಟಿಸುತ್ತದೆ. ಅದು 4.3 ಮೈಕ್ರಾನ್ ತರಂಗಾಂತರದಲ್ಲಿ ಹೊಳೆಯುತ್ತದೆ. ನೈಟ್ರಿಕ್ ಆಕ್ಸೈಡ್ ಹೊಳೆಯುವುದು 5.3 ಮೈಕ್ರಾನ್‌ನಲ್ಲಿ.

ನೆಲದಿಂದಲೇ ಯಾಕೆ ಅಳೆಯಬಾರದು?

ನಡುವಿನ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಈ ಬೆಳಕನ್ನು ನುಂಗಿಬಿಡುತ್ತವೆ. ಸಾಲದ್ದಕ್ಕೆ ಬೆಚ್ಚಗಿನ ಗಾಳಿಯೇ ಅವಕೆಂಪಿನಲ್ಲಿ ಹೊಳೀತಿರುತ್ತೆ. ವಿಮಾನ ಬಹುಪಾಲು ನೀರಾವಿಯನ್ನು ಕೆಳಗೆ ಬಿಟ್ಟು ಹಾರುತ್ತದೆ, ಗಂಟೆಗಟ್ಟಲೆ ನೋಡುತ್ತದೆ. ಆದರೆ 4.3 ಮೈಕ್ರಾನ್‌ಗೆ ಆ ಎತ್ತರವೂ ಸಾಲದು. ಅದಕ್ಕೆ ರಾಕೆಟ್ಟೇ ಬೇಕು. ರಾಕೆಟ್‌ಗೆ ಸಿಗೋದು ಕೆಲವೇ ನಿಮಿಷ, ಆದರೆ ಅದು ಪ್ರಭೆಯ ಒಳಗೇ ತೂರಿಹೋಗಿ ಯಾವ ಎತ್ತರದಲ್ಲಿ ಎಷ್ಟು ಬೆಳಕಿದೆ ಅಂತ ಅಳೆಯುತ್ತದೆ. ಉಪಕರಣದ ಸ್ವಂತ ಶಾಖವೇ ಅಳತೆ ಕೆಡಿಸದಂತೆ ಅದನ್ನು ದ್ರವ ನೈಟ್ರೋಜನ್ ಅಥವಾ ದ್ರವ ಹೀಲಿಯಂನಿಂದ ತಣ್ಣಗಿಡಬೇಕು.

ದುಡ್ಡು ಕೊಟ್ಟಿದ್ದು ಯಾರು?

1962ರ ಜುಲೈನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಮೇಲೆ, 400 ಕಿ.ಮೀ. ಎತ್ತರದಲ್ಲಿ ಅಣುಬಾಂಬ್ ಸಿಡಿಸಿತು. ಆ ಸ್ಟಾರ್‌ಫಿಶ್ ಪ್ರೈಮ್ ಪರೀಕ್ಷೆಯಿಂದ ಕೃತಕ ಧ್ರುವಪ್ರಭೆಯೇ ಮೂಡಿತು. ಮರುವರ್ಷದ ಒಪ್ಪಂದ ವಾತಾವರಣದಲ್ಲಿ ಇಂಥ ಪರೀಕ್ಷೆಗಳನ್ನು ನಿಷೇಧಿಸಿತು. ಆದರೆ ಮಿಲಿಟರಿಯ ಪ್ರಶ್ನೆ ಉಳಿದೇ ಇತ್ತು: ಬಾಂಬ್ ಸಿಡಿದ ಮೇಲೆ ಆಕಾಶವೇ ಹೊಳೆಯುತ್ತಿದ್ದರೆ, ಶತ್ರುವಿನ ಕ್ಷಿಪಣಿ ಹುಡುಕುವ ಅವಕೆಂಪು ಸೆನ್ಸರ್‌ಗಳ ಗತಿ ಏನು?

ಬಾಂಬಿಗೆ ಬದಲಿಯಾಗಿ ಸಿಕ್ಕಿದ್ದು ಧ್ರುವಪ್ರಭೆ. 1970ರ ದಶಕದಲ್ಲಿ ಡಿಫೆನ್ಸ್ ನ್ಯೂಕ್ಲಿಯರ್ ಏಜೆನ್ಸಿಯ ಹಣದಲ್ಲಿ, ವಾಯುಪಡೆಯ ಸಂಶೋಧಕರು 'ಐಸ್‌ಕ್ಯಾಪ್' ಯೋಜನೆಯಡಿ ಅಲಾಸ್ಕಾದ ಪೋಕರ್ ಫ್ಲಾಟ್‌ನಿಂದ ರಾಕೆಟ್ ಹಾರಿಸಿದರು. ಕೆಸಿ-135 ವಿಮಾನದಿಂದಲೂ ಅಳೆದರು. ರಾಕೆಟ್ ಉಪಕರಣಗಳಲ್ಲಿ ಯುಟಾ ಸ್ಟೇಟ್ ವಿಶ್ವವಿದ್ಯಾಲಯದ ಕೈವಾಡ ದೊಡ್ಡದು.

ಇವತ್ತು ನಮಗೇನು?

2022ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್ ಆಗತಾನೇ ಹಾರಿಸಿದ್ದ 49 ಉಪಗ್ರಹಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ನಾಶವಾದವು. ಸೌರ ಚಟುವಟಿಕೆಯಿಂದಾದ ಭೂಕಾಂತೀಯ ಬಿರುಗಾಳಿಗೆ ಮೇಲಿನ ಗಾಳಿ ಕಾದು ಹಿಗ್ಗಿ, ಅವುಗಳ ವೇಗ ತಗ್ಗಿಸಿತ್ತು. ಹಾಗೆ ಕಾದ ಗಾಳಿಯನ್ನು ಮತ್ತೆ ತಣ್ಣಗಾಗಿಸುವುದರಲ್ಲಿ ಅದೇ 5.3 ಮೈಕ್ರಾನ್ ಬೆಳಕಿನ ಪಾಲು ದೊಡ್ಡದು: ನೈಟ್ರಿಕ್ ಆಕ್ಸೈಡ್ ಶಾಖವನ್ನು ಬಾಹ್ಯಾಕಾಶಕ್ಕೆ ಚೆಲ್ಲುತ್ತದೆ. 2001ರಲ್ಲಿ ಹಾರಿದ ನಾಸಾದ ಟೈಮ್ಡ್ ಉಪಗ್ರಹದ 'ಸೇಬರ್' ಉಪಕರಣ ಇದನ್ನೇ ಅಳೆಯಿತು. ಅದನ್ನು ಕಟ್ಟಿದ್ದೂ ಯುಟಾ ಸ್ಟೇಟ್‌ನವರೇ, ಅದರ ದತ್ತಾಂಶ ಎಲ್ಲರಿಗೂ ಮುಕ್ತ.

'ಮೂಲವಿಜ್ಞಾನಕ್ಕೆ ಯಾಕೆ ದುಡ್ಡು?' ಅನ್ನೋರಿಗೆ ಇದು ಒಳ್ಳೆಯ ಉದಾಹರಣೆ. ಆದರೆ 'ಮಿಲಿಟರಿ ಹಣದಿಂದಲೂ ಒಳ್ಳೇದಾಯ್ತಲ್ಲ' ಅಂತ ಸುಮ್ಮನಾಗೋದು ತಪ್ಪು. ಯುದ್ಧದ ಭಯ ಇದ್ದಾಗ ಮಾತ್ರ ಇಂಥ ಅಳತೆಗೆ ದುಡ್ಡು ಹುಟ್ಟಬೇಕಾ? ನಮ್ಮ ಉಪಗ್ರಹಗಳೂ ಅದೇ ಗಾಳಿಯಲ್ಲಿ ಸುತ್ತುತ್ತಿವೆ. ಬಜೆಟ್ ಚರ್ಚೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆ ಇದು.