ಹಳೆಯ ಅಪರಾಧಗಳು: ಹಿಂದೂಪುರ–ಕಲ್ಯಾಣದುರ್ಗ ಸೀಮೆ

ಇಂದು ಅಪರಾಧವೇ ಅಲ್ಲದ, ಆದರೆ ವಸಾಹತು ಕಾಲದ ಕಾಯಿದೆಗಳಡಿ ಜನರನ್ನು ಜೈಲಿಗೆ ಕಳಿಸಿದ ಕೃತ್ಯಗಳು. ಮನೆತನದ ಹಿಂದಿನ ತಲೆಮಾರುಗಳನ್ನು ಹುಡುಕುತ್ತ ಹಳೆಯ ಕಡತ ಬಿಚ್ಚಿದವರಿಗೆ ಇವು ಎದುರಾಗುತ್ತವೆ. ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೂ ಕಲ್ಯಾಣದುರ್ಗ ಅನಂತಪುರ ಜಿಲ್ಲೆಗೂ ಸೇರಿವೆ. ನಿಜಾಮರು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದ ಈ ಭಾಗ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಯಿತು. 1953ರ ಅಕ್ಟೋಬರ್ 1ರವರೆಗೆ ಇಲ್ಲಿ ನಡೆದದ್ದು ಮದರಾಸು ಪ್ರಾಂತ್ಯದ ಕಾನೂನು. ಆದ್ದರಿಂದ ಹಳೆಯ ಶಿಕ್ಷೆಗಳನ್ನು ಆ ಪ್ರಾಂತ್ಯದ ಕಾಯಿದೆಗಳ ಬೆಳಕಿನಲ್ಲೇ ಓದಬೇಕು.

ಇವುಗಳಲ್ಲಿ ಉಪ್ಪಿನ ಅಪರಾಧಕ್ಕೆ ಮೊದಲ ಸ್ಥಾನ ಸಲ್ಲಬೇಕು. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಚೌಳು ನೆಲ ಸಾಕಷ್ಟಿದೆ. ಉಪ್ಪಾರರು ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕಿದ ಮಣ್ಣನ್ನು ಕೆರೆದು, ದಿಬ್ಬದ ಮೇಲೆ ತೋಡಿದ ಗುಂಡಿಗೆ ತುಂಬಿ ನೀರು ಹೊಯ್ಯುತ್ತಿದ್ದರು. ಕೆಳಗೆ ಬಸಿದ ಉಪ್ಪುನೀರನ್ನು ಆಳವಿಲ್ಲದ ಪಾತಿಗಳಲ್ಲಿ ಬಿಸಿಲಿಗೆ ಬಿಟ್ಟರೆ ಉಪ್ಪು ಹರಳುಗಟ್ಟುತ್ತಿತ್ತು. ಸಮುದ್ರದ ಉಪ್ಪಿಗಿಂತ ಇದು ಅಗ್ಗ, ಬಡವರ ಮನೆಯ ಉಪ್ಪು. ಸರ್ಕಾರದ ಉಪ್ಪಿನ ತೆರಿಗೆಗೆ ಇದರಿಂದ ಪೆಟ್ಟು ಬೀಳುತ್ತದೆಂಬ ಕಾರಣಕ್ಕೆ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಕಸುಬನ್ನೇ ಅಡಗಿಸಲಾಯಿತು. 1888ರಲ್ಲಿ ಆ ತೆರಿಗೆ ಮಣಕ್ಕೆ, ಎಂದರೆ ಸುಮಾರು 37 ಕಿಲೋಗೆ, ಎರಡೂವರೆ ರೂಪಾಯಿಗೆ ಏರಿತು. 1889ರ ಮದರಾಸು ಉಪ್ಪಿನ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಉಪ್ಪು ಮಾಡುವುದಷ್ಟೇ ಅಲ್ಲ, ಉಪ್ಪುಮಣ್ಣು ಕೂಡಿಹಾಕುವುದೂ ಅಪರಾಧ. ಅಜ್ಜನ ಅಜ್ಜ ಮಣ್ಣು ಕೆರೆದು ಜೈಲಿಗೆ ಹೋದ ಎಂದರೆ ಇಂದಿನವರು ನಂಬಲಿಕ್ಕಿಲ್ಲ. 1930ರಲ್ಲಿ ವೇದಾರಣ್ಯದಲ್ಲಿ ಉಪ್ಪು ತೆಗೆದ ರಾಜಾಜಿ ಮುರಿದದ್ದೂ ಇದೇ ಕಾಯಿದೆಯನ್ನೇ. ಅವರಿಗೆ ಆರು ತಿಂಗಳ ಸಜೆಯಾಯಿತು, ಇತಿಹಾಸದಲ್ಲಿ ಹೆಸರೂ ನಿಂತಿತು. ಅದಕ್ಕೂ ಹಿಂದೆ ಹೊಟ್ಟೆಪಾಡಿಗಾಗಿ ಅದೇ ಕೆಲಸ ಮಾಡಿ ಸಿಕ್ಕಿಬಿದ್ದ ಉಪ್ಪಾರರನ್ನು ಯಾರೂ ಸತ್ಯಾಗ್ರಹಿಗಳೆಂದು ಕರೆಯಲಿಲ್ಲ. ಇದು ಅನ್ಯಾಯ. ಉಪ್ಪಿನ ತೆರಿಗೆ ರದ್ದಾದದ್ದು 1947ರಲ್ಲಿ.

ಉಪ್ಪು ಮಾಡಿದವರ ಪಾಡು ಇದಾದರೆ, ಹೊತ್ತವರದು ಇನ್ನೂ ಕಠಿಣ. ಕನ್ನಡಿಗರು ಕೊರಚ, ಕೊರಮ ಎನ್ನುವ, ತೆಲುಗಿನವರು ಎರುಕಲ ಎನ್ನುವ ಸಮುದಾಯ ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಸುತ್ತಿ ಮಾರುತ್ತಿತ್ತು. ಸರ್ಕಾರದ ಉಪ್ಪಿನ ನೀತಿಯೂ ರೈಲೂ ಸೇರಿ ಆ ವ್ಯಾಪಾರವನ್ನು ಮುರಿದವು. 1890ರ ದಶಕದಲ್ಲಿ ಹಿಂದೂಪುರಕ್ಕೂ ರೈಲು ಬಂತು. ಬುಟ್ಟಿ ಹೆಣೆದು, ಕಣಿ ಹೇಳಿ ಬದುಕಿದ ಈ ಅಲೆಮಾರಿಗಳ ಮೇಲೆ 1911ರ ಅಪರಾಧಿ ಬುಡಕಟ್ಟು ಕಾಯಿದೆ ಎರಗಿತು. 1871ರಲ್ಲಿ ಉತ್ತರ ಭಾರತಕ್ಕೆಂದು ಮಾಡಿದ್ದ ಕಾಯಿದೆ 1911ರಲ್ಲಿ ಹೊಸ ರೂಪ ತಳೆದು ಮದರಾಸಿಗೂ ಬಂದಿತ್ತು. ಅಧಿಸೂಚನೆಗೆ ಒಳಗಾದ ಸಮುದಾಯದವರ ಹೆಸರನ್ನು ದಾಖಲಿಸಿ ಬೆರಳಚ್ಚು ತೆಗೆದುಕೊಳ್ಳುತ್ತಿದ್ದರು. ನಿರ್ಬಂಧಕ್ಕೆ ಒಳಗಾದವರು ಗೊತ್ತಾದ ಹೊತ್ತಿಗೆ ಹಾಜರಿ ಕೊಡಬೇಕು, ಊರು ಬಿಡಲು ಚೀಟಿ ಪಡೆಯಬೇಕು. ಅಂಥವರಿಗೆ ಗಡಿಯಾಚೆಯ ಪಾವಗಡದಲ್ಲಿದ್ದ ನೆಂಟರ ಮದುವೆಗೆ ಚೀಟಿಯಿಲ್ಲದೆ ಹೋಗುವುದೂ ಅಪರಾಧವೇ. ಮದರಾಸು ಪ್ರಾಂತ್ಯದ ಹಲವು ಎರುಕಲ ಕುಟುಂಬಗಳನ್ನು 1913ರಲ್ಲಿ ಸಾಲ್ವೇಶನ್ ಆರ್ಮಿ ತೆರೆದ ಸ್ಟುವರ್ಟ್‌ಪುರಂನಂಥ ವಸಾಹತುಗಳಲ್ಲಿ ಕೂಡಿಡಲಾಯಿತು. ಅಲ್ಲಿಂದ ತಪ್ಪಿಸಿಕೊಂಡರೆ ಮತ್ತೊಂದು ಅಪರಾಧ. ಕಳ್ಳತನವನ್ನೇ ಮಾಡದವನ ಹೆಸರಿನ ಮುಂದೆ ಎರಡು ಮೂರು ಶಿಕ್ಷೆಗಳು ಕೂಡಿಬರಲು ಇಷ್ಟು ಸಾಕಾಗಿತ್ತು. ಮದರಾಸು ಸರ್ಕಾರ 1947ರಲ್ಲಿ ಕಾಯಿದೆಯನ್ನು ತೆಗೆದುಹಾಕಿತು. ದೇಶದಾದ್ಯಂತ ಅದು ಕೊನೆಗೊಂಡದ್ದು 1952ರ ಆಗಸ್ಟ್ 31ರಂದು.

ಗ್ರಾಮ ಮಟ್ಟದ ಶಿಕ್ಷೆಗಳೂ ಇದ್ದವು. 1816ರ ಮದರಾಸು ನಿಬಂಧನೆ ಬೈಗುಳ, ಸಣ್ಣ ಹೊಡೆದಾಟಗಳಿಗೆ ಹನ್ನೆರಡು ಗಂಟೆಯವರೆಗೆ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರವನ್ನು ಗ್ರಾಮದ ಮುಖ್ಯಸ್ಥನಿಗೆ ಕೊಟ್ಟಿತ್ತು. ತಪ್ಪಿತಸ್ಥ ಕೆಳಜಾತಿಯವನಾದರೆ ಆರು ಗಂಟೆಯವರೆಗೆ ಮರದ ಕೋಳಕ್ಕೆ ಕಾಲು ಸಿಕ್ಕಿಸಿ ಕೂರಿಸಬಹುದಿತ್ತು. ಒಂದೇ ಬೈಗುಳಕ್ಕೆ ಜಾತಿ ನೋಡಿ ಬೇರೆ ಶಿಕ್ಷೆಯೆಂದು ಕಾನೂನೇ ಬರೆದಿಟ್ಟಿತ್ತು. ಮುಂಗಡ ಪಡೆದ ಕುಶಲಕರ್ಮಿ ಅಥವಾ ಕೂಲಿಯಾಳು ಕೆಲಸ ಬಿಟ್ಟರೆ 1859ರ ಕಾಯಿದೆಯಡಿ ಜೈಲಾಗಬಹುದಿತ್ತು. ಅದು ರದ್ದಾದದ್ದು 1925ರಲ್ಲಿ.

ವಂಶಾವಳಿ ಬರೆಯುವವರು ಹಿರಿಯರೊಬ್ಬರಿಗೆ ಶಿಕ್ಷೆಯಾಗಿತ್ತೆಂದು ಕಂಡರೆ ಮುಚ್ಚಿಡಬೇಕಿಲ್ಲ. ಬರೀ ‘ಅಪರಾಧಿ’ ಎಂದೂ ಬರೆಯಬಾರದು. ಹೆಸರಿನ ಪಕ್ಕದಲ್ಲಿ ಕಾಯಿದೆ, ಕಲಂ, ಇಸವಿ ಮೂರನ್ನೂ ನಮೂದಿಸಿ, ಆ ಕಾಯಿದೆ ಯಾವಾಗ ರದ್ದಾಯಿತೆಂಬುದನ್ನೂ ಸೇರಿಸಬೇಕು.